ಓರಗಿತ್ತಿಯ ಸ್ಟೌಟು, ನಮ್ಮವರ ನಾಲಗೆ

ಬುಳುಕ್... ಬುಳುಕ್... ಬುಳುಕ್!

ಬಣಕಲ್ ಹತ್ತಿರದ ನಮ್ಮ ತೋಟದಲ್ಲಿ ಮನೆ ಎರಡು, ಅಂಗಳ ಒಂದೇ. ಆಚೆ ಮನೆಯ ಉಗ್ರಾಣದಲ್ಲಿ ಒಂದು ನೀಲಿ ಡ್ರಮ್ಮು. ಅದರ ನೆತ್ತಿಯಿಂದ ಹೊರಟ ನಳಿಕೆ ನೀರಿನ ಬಾಟಲಿಯೊಳಗೆ ಗುಳ್ಳೆ ಬಿಡುತ್ತಿದ್ದ ಸದ್ದು ಅದು. ಅಲ್ಲಿ ಹುದುಗುತ್ತಿದ್ದದ್ದು ಬಿಯರು. ಈಚೆ ಮನೆಯಲ್ಲಿ ನನ್ನೊಳಗೆ ಹುದುಗುತ್ತಿದ್ದದ್ದು ಪ್ಯೂರ್ ಜೆಲಸಿ!

ಹಣೆಗೆ ವಿಭೂತಿ, ಕೊರಳಲ್ಲಿ ಲಿಂಗ, ಕೈಯಲ್ಲಿ ಇಂಪೀರಿಯಲ್ ಸ್ಟೌಟು. ಇಂಥ ಹೆಂಗಸು ಚಿಕ್ಕಮಗಳೂರಿನಿಂದ ಕಳಸದವರೆಗೆ ಇನ್ನೊಬ್ಬಳಿದ್ದರೆ ತೋರಿಸಿ, ನನ್ನ ಮುತ್ತಿನ ಓಲೆ ಬಿಚ್ಚಿಕೊಡುತ್ತೇನೆ! ಅವಳು ನನ್ನ ಓರಗಿತ್ತಿ, ಮೈದುನನ ಹೆಂಡತಿ. ಸ್ಟೌಟು ಎಂದರೆ ಗೊತ್ತಲ್ಲ? ಡಾಂಬರಿನ ಬಣ್ಣದ ಬಿಯರು. ಅದಕ್ಕೆ ‘ಇಂಪೀರಿಯಲ್’ ಎಂಬ ಬಿರುದು ಸೇರಿದರೆ ಅಮಲು ದುಪ್ಪಟ್ಟು. ಯಾರೋ ನೆಂಟರು ತಂದ ಬಾಟಲಿಯನ್ನು ಮೂಸಿ ನೋಡಿ, “ಅಯ್ಯೋ, ಇದು ನಮ್ಮ ಕಾಫಿ ಹುರಿದ ವಾಸನೆ ಅಲ್ವಾ! ಇದನ್ನ ನಾನೇ ಮಾಡ್ತೀನಿ” ಅಂದಳು. ಮಾಡಿಯೇಬಿಟ್ಟಳು.

ಬಾರ್ಲಿಯ ಮೂಟೆ ಬಣಕಲ್ಲಿನ ಅಂಗಡಿಗೆ ಬಂದಿಳಿಯಿತು. ಅಂಗಡಿಯವನು, “ಹಸುಗಳಿಗೆ ಫೀಡ್ ತರಿಸಿದ್ರಾ ಅಮ್ಮ?” ಎಂದು ಕೇಳಿದ.

“ಹೂಂ ಕಣಪ್ಪ, ಎರಡು ಕಾಲಿನ ಹೋರಿಗಳಿಗೆ!”

ಬಾರ್ಲಿ ಹುರಿಯುವುದಕ್ಕೆ ಕಾಫಿ ಹುರಿಯುವ ಡಬ್ಬವೇ ಆಯಿತು. ಬೇಯಿಸುವುದಕ್ಕೆ ಬಚ್ಚಲಿನ ತಾಮ್ರದ ಹಂಡೆ. ಆ ದಿನ ಮೈದುನನಿಗೆ ತಣ್ಣೀರು ಸ್ನಾನ. ಕಾವು ಆರದಿರಲೆಂದು ಹಂಡೆಗೆ ಕಂಬಳಿ ಹೊದಿಸಿದಳು, ಅದೂ ಅವನ ಕಂಬಳಿಯನ್ನೇ!

ಮೊದಲ ಸಲ ಬಾಟಲಿ ತುಂಬುವಾಗ ನೊರೆ ಬರಲೆಂದು ಚೂರೇ ಚೂರು ಸಕ್ಕರೆ ಹಾಕಬೇಕಿತ್ತಂತೆ. “ಕಾಫಿಗೆ ಬೆಲ್ಲ ಹಾಕೋರು ನಾವು, ಜುಗ್ಗತನ ಯಾಕೆ?” ಎಂದು ಒಂದೊಂದಕ್ಕೂ ಬೆಲ್ಲದ ಉಂಡೆಯನ್ನೇ ಕರಗಿಸಿ ಸುರಿದಳು. ಒಂದು ಸಂಜೆ, ದೀಪ ಹಚ್ಚುವ ಹೊತ್ತಿಗೆ, ಉಗ್ರಾಣದಲ್ಲಿ ಢಂ! ಢಂ! ಢಂ! ಆನೆ ಓಡಿಸಲು ಗರ್ನಾಲು ಹೊಡೆಯುತ್ತಿದ್ದಾರೆಂದುಕೊಂಡು ಕೂಲಿಯಾಳುಗಳ ಲೈನ್ ಮನೆಯವರೆಲ್ಲ ತಗಡು ಬಡಿದರು. ಪಕ್ಕದ ಎಸ್ಟೇಟಿನವರು ತಮ್ಮ ಗರ್ನಾಲಿನಿಂದಲೇ ಉತ್ತರ ಕೊಟ್ಟರು. ಫಾರೆಸ್ಟಿನವರ ಜೀಪೂ ಬಂತು.

“ಎಷ್ಟಿದ್ವಮ್ಮ ಆನೆ?”

ನೊರೆಯಲ್ಲಿ ಮಿಂದು ನಿಂತಿದ್ದ ಓರಗಿತ್ತಿ ಕಣ್ಣೊರೆಸಿಕೊಂಡಳು. “ಹಿಂಡೇ ಇತ್ತು ಕಣಪ್ಪ. ಈಗ ಎರಡೇ ಉಳಿದಿದಾವೆ.”

ಇಷ್ಟೇ ಆಗಿದ್ದರೆ ನಾನೂ ಎಲ್ಲರಂತೆ ನಕ್ಕು ಸುಮ್ಮನಿರುತ್ತಿದ್ದೆ. ಆದರೆ ಆಕೆ ತಾನು ಮಾಡಿದ್ದನ್ನು ಒಂದು ತೊಟ್ಟೂ ಕುಡಿಯುವವಳಲ್ಲ! “ಲಿಂಗ ಕಟ್ಟಿದ ಮೇಲೆ ಎಂತ ಕುಡಿಯೋದು ಮಾರಾಯ್ತಿ? ಮಾಡ್ಬಾರ್ದು ಅಂತ ಯಾರೂ ಹೇಳಿಲ್ಲ” ಎನ್ನುವುದು ಅವಳ ಫಿಲಾಸಫಿ. ಗಂಡಸರಿಗೆ ಕ್ಲಬ್ಬಿನಲ್ಲಿ ಬೇರೆ ಶಾಸ್ತ್ರ, ಬಿಡಿ. ಮೈದುನನಿಗೋ ಶುಗರ್. ಹಾಗಾದರೆ ರುಚಿ ನೋಡುವವರು ಯಾರು? ನಮ್ಮವರು!

ನಮ್ಮವರ ಬಗ್ಗೆ ಒಂದು ಮಾತು ಹೇಳಬೇಕು. ಮದುವೆಯಾದ ಲಾಗಾಯ್ತು ನಾನು ಬಡಿಸಿದ ಕಡುಬಿಗೆ, ಪತ್ರೊಡೆಗೆ, ಅಮಟೆಕಾಯಿ ಗೊಜ್ಜಿಗೆ ಅವರು ಕೊಟ್ಟ ಸರ್ಟಿಫಿಕೇಟು ಒಂದೇ: “ಹೂಂ.” ಹಬ್ಬದ ದಿನ ಧಾರಾಳ: “ಹೂಂ, ಚೆನ್ನಾಗಿದೆ.” ಅಂಥ ಮಹಾನುಭಾವರು ಆಚೆ ಮನೆಯ ಜಗಲಿಯಲ್ಲಿ ಕಾಲು ಚಾಚಿ ಕುಳಿತು, ಕಪ್ಪು ಗ್ಲಾಸನ್ನು ಬೆಳಕಿಗೆ ಹಿಡಿದು, ಒಂದು ಗುಟುಕು ಇಳಿಸಿ ಹೇಳುತ್ತಿದ್ದರು:

“ನೋಡಮ್ಮ, ಮೊದಲು ಸುಟ್ಟ ಬೆಲ್ಲ. ಆಮೇಲೆ ಹಬೆಯಾಡೋ ಕಾಫಿ. ಎಲ್ಲಾ ಮುಗೀತು ಅನ್ನೋ ಹೊತ್ತಿಗೆ ಗಂಟಲಲ್ಲಿ ಒಂದು ಕಹಿ ನಿಲ್ತದೆ. ಮಳೆ ನಿಂತ ಮೇಲೂ ಮರ ಹನೀತದಲ್ಲ, ಹಾಗೆ.”

ಮಳೆಯಂತೆ! ಮರವಂತೆ! ಓರಗಿತ್ತಿ ಎದುರಿಗೆ ಮಣೆ ಹಾಕಿಕೊಂಡು ಕೂತು, ಕಣ್ಣು ಮುಚ್ಚಿ, ಆ ಮಾತನ್ನೇ ಕುಡಿಯುತ್ತಿದ್ದಳು. ಎನ್ವಿ ಮಹಾಪಾಪವೆಂದು ಕಾನ್ವೆಂಟಿನ ಸಿಸ್ಟರ್‌ಗಳು ನೂರು ಸಲ ಬರೆಸಿದ್ದರು. ಅವರಲ್ಲಿ ಯಾರಿಗಾದರೂ ಓರಗಿತ್ತಿ ಇದ್ದಳೇ? ಗಂಡನಾದರೂ ಇದ್ದನೇ?

ಒಂದು ದಿನ ಊಟಕ್ಕೆ ಕೂತಾಗ ಕೇಳಿಯೇಬಿಟ್ಟೆ. “ಅವಳ ಡಾಂಬರಿಗೆ ಅಷ್ಟೆಲ್ಲ ಹೇಳ್ತೀರಿ. ನನ್ನ ಸಾರಿಗೆ ಒಂದು ಸೆಂಟೆನ್ಸ್ ಇಲ್ವಾ?”

ನಮ್ಮವರು ತುತ್ತು ಹಿಡಿದುಕೊಂಡೇ ಬೆರಗಾಗಿ ನೋಡಿದರು. “ಅಲ್ಲ ಮಾರಾಯ್ತಿ, ಅವಳು ಕುಡಿಯಲ್ಲ. ಹೇಳದಿದ್ರೆ ಅವಳಿಗೆ ಹ್ಯಾಗೆ ಗೊತ್ತಾಗ್ತದೆ? ನೀನು ಇದೇ ಸಾರು ಉಣ್ತಾ ಇದೀಯಲ್ಲ. ನಿಂಗೆ ಗೊತ್ತಿರೋದನ್ನ ನಾನೇನು ಹೇಳೋದು?”

ಲಾಜಿಕ್ಕೇನೋ ಸರಿಯೇ. ಆದರೆ ಲಾಜಿಕ್ಕಿನಿಂದ ಯಾವ ಹೆಂಡತಿಯ ಹೊಟ್ಟೆ ತಣ್ಣಗಾಗಿದೆ?

ಹೊಟ್ಟೆ ತಣ್ಣಗಾಗಿದ್ದು ಕೊರೊನಾದಿಂದ! ಜ್ವರ ಬಿಟ್ಟಿತು, ಜೊತೆಗೆ ನನ್ನ ನಾಲಗೆಯೂ ಮೂಗೂ ನನ್ನನ್ನು ಬಿಟ್ಟವು. ಉಪ್ಪಿನಕಾಯಿಯೂ ಒಂದೇ, ಬೆಣ್ಣೆಯೂ ಒಂದೇ. ಮೊದಲ ದಿನ ನಾನು ತಟ್ಟೆಯ ಮುಂದೆ ಕಣ್ಣೀರು ಹಾಕಿದಾಗ ನಮ್ಮವರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

“ಇದು ಅಮಟೆಕಾಯಿ ಗೊಜ್ಜು ಕಣೇ. ಮೊದಲು ಹುಳಿ, ಶಾಲೆಗೆ ಹೊತ್ತಾದಾಗ ಓಡೋ ಹುಡುಗಿ ಹಾಗೆ ನಾಲಗೆ ಮೇಲೆ ಓಡಿ ಹೋಗ್ತದೆ. ಹಿಂದಿಂದ ಬೆಲ್ಲ ಬರ್ತದೆ, ಅವಳ ಅಜ್ಜಿ ಹಾಗೆ, ನಿಧಾನಕ್ಕೆ.”

ಓ ಮೈ ಗಾಡ್! ಅಂದಿನಿಂದ ಮೂರು ಹೊತ್ತೂ ನನಗೆ ಮಾತಿನ ಊಟ. ಓರಗಿತ್ತಿ ಹೊಸ ಸ್ಟೌಟು ತಂದುಕೊಟ್ಟರೆ ಅದರ ವರದಿಯನ್ನೂ ನನ್ನ ಕಡೆಗೆ ತಿರುಗಿಯೇ ಒಪ್ಪಿಸತೊಡಗಿದರು. “ಭಾವ, ಮಾಡಿದೋಳು ನಾನು, ಇಲ್ಲಿದೀನಿ!” ಎಂದು ಅವಳು ಕೈಬೀಸಬೇಕಾಯಿತು. ಆಹಾ, ಆ ಮುಖವನ್ನು ಫೋಟೋ ತೆಗೆಸಿ ಫ್ರೇಮ್ ಹಾಕಿಸಬೇಕಿತ್ತು!

ನನ್ನ ನಾಲಗೆ ಮಾತ್ರ ದ್ರೋಹಿ. ಕೆಲವು ತಿಂಗಳಲ್ಲೇ ವಾಪಸ್ ಬಂತು. ನಾನು ಯಾರಿಗೂ ಹೇಳಲಿಲ್ಲ. ಯಾಕೆ ಹೇಳಲಿ? ಆದರೆ ಓರಗಿತ್ತಿಯ ಕಣ್ಣು ತಪ್ಪಿಸಲಾದೀತೇ? ಅಡುಗೆಮನೆಯಲ್ಲಿ ಸಾರು ನೆಕ್ಕಿ ನೋಡಿ ಉಪ್ಪು ಹಾಕುತ್ತಿದ್ದಾಗ ಬಾಗಿಲಲ್ಲಿ ನಿಂತಿದ್ದಳು.

“ಅಕ್ಕ, ರುಚಿ ಬಂದಿದೆ!”

“ಶ್! ನಿಮ್ಮ ಭಾವಂಗೆ ಹೇಳಿದ್ರೆ ನೋಡು!”

“ನಾನೆಂತದೂ ಹೇಳಲ್ಲ. ಆದ್ರೆ ಮುಂದಿನ ಡ್ರಮ್ಮಿಗೆ ಭಾವನ್ನ ಒಂದು ಗಂಟೆ ನಮ್ಮ ಜಗಲಿಗೆ ಬಿಟ್ಟುಕೊಡ್ಬೇಕು.”

“ಅರ್ಧ ಗಂಟೆ,” ಅಂದೆ.

ಚೌಕಾಸಿ ಮುಕ್ಕಾಲು ಗಂಟೆಗೆ ಕುದುರಿತು. ಆ ಡ್ರಮ್ಮು ಹದಕ್ಕೆ ಬರುವ ಮೊದಲೇ ನಮ್ಮವರಿಗೆ ಎದೆನೋವು ಬಂತು. ಚಿಕ್ಕಮಗಳೂರಿನ ಆಸ್ಪತ್ರೆಗೆ ಸೇರಿಸಿದೆವು. ಎರಡು ದಿನದ ಮೇಲೆ ಕೊಂಚ ಸುಧಾರಿಸಿದರು. ಮನೆಯ ಕಾಫಿ ಬೇಕೆಂದರು. ಡಾಕ್ಟರು ಎರಡು ಗುಟುಕಿಗೆ ಒಪ್ಪಿದರು. ಗಾಬರಿಯಲ್ಲೇ ಮಾಡಿ, ಫ್ಲಾಸ್ಕಿಗೆ ತುಂಬಿಕೊಂಡು ಹೋದೆ. ದಿಂಬಿಗೆ ಒರಗಿ ಒಂದು ಗುಟುಕು ಕುಡಿದರು. ಕಣ್ಣು ಮುಚ್ಚಿದರು. ಹೇಳಿದರು:

“ಡಿಕಾಕ್ಷನ್ ಗಟ್ಟಿಯಾಗಿದೆ ಕಣೇ. ಹಾಲು ಅದನ್ನ ಗದರಿಸಿಲ್ಲ. ಸಕ್ಕರೆ... ಸಕ್ಕರೆ ಎಷ್ಟು ಹದವಾಗಿದೆ ಅಂದ್ರೆ, ಹಾಕಿದ ಕೈಯನ್ನ ಹಿಡ್ಕೊಳ್ಳೋಣ ಅನ್ನಿಸ್ತದೆ.”

ಹಿಡಿದುಕೊಂಡರು. ಇನ್ನೊಂದು ಕೈಯಿಂದ ನಾನೂ ಫ್ಲಾಸ್ಕಿನ ಮುಚ್ಚಳದಲ್ಲಿ ಒಂದು ಗುಟುಕು ಕುಡಿದೆ. ಕಾಫಿಗೆ ಸಕ್ಕರೆಯನ್ನೇ ಹಾಕಿರಲಿಲ್ಲ.

ರುಚಿ ಕಳಕೊಂಡವಳು ನಾನು, ಏನೆಂದು ಹೇಳಲಿ? “ಹೌದಾ?” ಅಂದೆ. “ಇನ್ನೊಂದ್ಸಲ ಹೇಳಿ.”

ಇನ್ನೊಂದು ಸಲ ಹೇಳಿದರು. ಹೊತ್ತಾಯಿತೆಂದು ನರ್ಸು ನನ್ನನ್ನು ಎಬ್ಬಿಸಿದಳು. ಬಾಗಿಲಲ್ಲಿ ತಿರುಗಿ ನೋಡಿದೆ. ಅವರು ಆ ಕಹಿ ಕಾಫಿಯ ಕೊನೆಯ ಗುಟುಕನ್ನು, ಒಂದಿಷ್ಟೂ ಮುಖ ಕಿವಿಚದೆ, ನನ್ನನ್ನೇ ನೋಡುತ್ತಾ ಕುಡಿಯುತ್ತಿದ್ದರು.