ಮುದ್ದೆ ತಿರುವಿದೋರು ಯಾರು?

ಉಪ್ಪಾರಹಳ್ಳೀಲಿ ನಮ್ಮ ಪಕ್ಕದ ಮನೆಯ ಕೆಮಿಸ್ಟ್ರಿ ಮೇಷ್ಟ್ರಿಗೆ ಇಂಥ ಫಜೀತಿಗಳು ಯಾವೂ ಆಗಲ್ಲವಂತೆ. ತುಮಕೂರಿನ ಕಾಲೇಜೊಂದರಲ್ಲಿ ಎಂ.ಎ. ಹುಡುಗರಿಗೆ ಸ್ತ್ರೀವಾದಿ ವಿಮರ್ಶೆ ಪಾಠ ಮಾಡೋ ನನಗೆ ಮಾತ್ರ ವಾರಕ್ಕೊಂದು ಗ್ಯಾರಂಟಿ.

೧. ಬಸ್ಸಿನಲ್ಲಿ

ಕುಣಿಗಲ್ಲಿನ ತವರಿಂದ ವಾಪಸ್ ಬರ್ತಿದ್ದೆ. ಪಕ್ಕದ ಸೀಟಿನ ಅಜ್ಜಿ, "ಏನ್ ಪಾಠ ಮಾಡ್ತೀಯವ್ವಾ?" ಅಂದರು.

"ಕಥೆ ಓದೋವಾಗ ಅದ್ರಲ್ಲಿ ಹೆಂಗಸ್ರು ಎಲ್ಲವ್ರೆ, ಏನ್ ಮಾಡ್ತಾವ್ರೆ ಅಂತ ಹುಡುಕೋದನ್ನ ಹೇಳ್ಕೊಡ್ತೀನಿ ಅಜ್ಜಿ."

ಅಜ್ಜಿ ಅಯ್ಯೋ ಪಾಪ ಅನ್ನೋ ಹಾಗೆ ನನ್ನನ್ನೇ ನೋಡಿದರು. "ಅಡುಗೆಮನೇಲಿ ನೋಡ್ದ್ಯಾ?"

೨. ಕ್ಲಾಸಿನಲ್ಲಿ

ಒಂದು ಕಥೆ ಓದಿಸಿದೆ. ತೋಟದಿಂದ ಬಂದ ಯಜಮಾನ ಬಿಸಿ ಮುದ್ದೆ ಉಂಡು, ಜಗಲಿ ಮೇಲೆ ಕೂತು, ಪುಟಗಟ್ಟಲೆ ಜೀವನದ ಬಗ್ಗೆ ಚಿಂತೆ ಮಾಡ್ತಾನೆ. "ಇವನ ಹೆಂಡತಿ ಎಲ್ಲಿ?" ಅಂತ ಕೇಳಿದೆ.

ಮುಂದಿನ ಬೆಂಚಿನವನು ಹಿಂದೆ ಮುಂದೆ ಹುಡುಕಿ, "ಕಥೇಲಿ ಹೆಂಡ್ತೀನೇ ಇಲ್ಲ ಮೇಡಂ" ಅಂದ.

ಗುಬ್ಬಿ ಕಡೆಯಿಂದ ಬರೋ ಹುಡುಗಿಯೊಬ್ಬಳಿದ್ದಳು, ಬಾಯೇ ಬಿಡದೋಳು. ಅವತ್ತು ಎದ್ದು ನಿಂತು, "ಏನ್ಲಾ, ಹಂಗಾದ್ರೆ ಮುದ್ದೆ ತಾನಾಗೇ ತಿರುವ್ಕೊಂಡು ತಟ್ಟೇಲಿ ಬಂದ್ ಕೂತ್ಕೊಳ್ತಾ?" ಅಂದಳು.

ಕ್ಲಾಸಿಗೆ ಕ್ಲಾಸೇ ಬಿದ್ದೂ ಬಿದ್ದೂ ನಕ್ಕಿತು. ನಾನು ಇಷ್ಟು ವರ್ಷ ಗಂಟಲು ಹರ್ಕೊಂಡಿದ್ದು ಸಾರ್ಥಕ ಆಯ್ತು ಅನ್ನಿಸಿತು.

೩. ಸ್ಟಾಫ್ ರೂಮಿನಲ್ಲಿ

ಆ ಖುಷಿ ಬಹಳ ದಿನ ಉಳೀಲಿಲ್ಲ. ಅದೇ ಹುಡುಗಿಯ ಅಪ್ಪ ಟಿ.ಸಿ. ಕೇಳ್ಕೊಂಡು ಬಂದರು. ಹಿಂದೆ ಅವರ ಹೆಂಡತಿ, ಅವರ ಪಕ್ಕ ಅತ್ತು ಕಣ್ಣು ಕೆಂಪಾದ ಹುಡುಗಿ.

"ಮಗನ ಲಗ್ನಪತ್ರಿಕೆ ಅಚ್ಚಾಗಿ ಬಂತು ಮೇಡಂ. ಇವ್ಳು ಓದಿದ್ಲು, 'ಶ್ರೀಮತಿ ಮತ್ತು ಶ್ರೀ ಅಂತ ಹಾಕಿ ಅಪ್ಪನ ಹೆಸ್ರು ಮಾತ್ರ ಬರ್ಸಿದೀರ, ಹೆತ್ತೋಳ ಹೆಸ್ರೆಲ್ಲಿ?' ಅಂದ್ಲು. ನೆಂಟ್ರ ಮುಂದೆ ಮಾನ ಹೋಯ್ತು. ಓದಿದ್ದು ಸಾಕು, ಕಾಲೇಜ್ ಬುಡಿಸ್ತೀನಿ."

ಹುಡುಗಿ ಓದು ನನ್ನ ಪಾಠದಿಂದಲೇ ನಿಂತುಹೋಗ್ಬೇಕಾ? ತಾಯಿ ಕಡೆ ತಿರುಗಿ, "ನೀವೇನಂತೀರಮ್ಮಾ?" ಅಂದೆ.

"ಅವ್ಳೇನಂತಾಳೆ? ನಾನ್ ಹೇಳಿದ್ದೇ" ಅಂದರು ಅಪ್ಪ.

"ಯಜಮಾನ್ರೇ, ನಾನು ಕೇಳಿದ್ದು ಅವರನ್ನ."

ಆಯಮ್ಮ ಸೆರಗು ಸರಿಮಾಡ್ಕೊಂಡರು. "ಓದ್ಲಿ ಮೇಡಂ. ನನ್ ಮಗ್ಳು ಕೇಳಿದ್ರಲ್ಲಿ ತಪ್ಪೇನದೆ?" ಅಂತ ಶುರುವಾಗಿದ್ದು ತಮ್ಮದೇ ಮದುವೇಲಿ ತಮಗೇ ಊಟ ಸಿಗದೇ ಹೋದದ್ದಕ್ಕೆ ಬಂತು. ಮನೆ ಕಟ್ಟಿಸೋವಾಗ ಅಡುಗೆಮನೆಗೊಂದು ಕಿಟಕಿ ಇಡ್ಸಿ ಅಂದಿದ್ದನ್ನ ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ ಅಂದರು. ಬೆಲ್ ಹೊಡೀತು. ಇನ್ನೊಂದು ಪೀರಿಯಡ್ಡಿನ ಬೆಲ್ಲೂ ಹೊಡೀತು. ಆಯಮ್ಮನ ಮಾತು ಇನ್ನೂ ಆ ಕಿಟಕಿ ಹತ್ತಿರವೇ ಇತ್ತು. ಹುಡುಗಿ ಅಳೋದು ಬಿಟ್ಟು ಬಾಯಿ ಬಿಟ್ಕೊಂಡು ಅಮ್ಮನ್ನೇ ನೋಡ್ತಿದ್ದಳು.

ಕೊನೆಗೆ ಅಪ್ಪ ನನಗೆ ಕೈ ಮುಗಿದರು.

"ಮೇಡಂ, ಮಗ್ಳು ಓದ್ಲಿ. ಎಷ್ಟ್ ಬೇಕಾದ್ರೂ ಓದ್ಲಿ. ಇವ್ಳನ್ನ ಮಾತ್ರ ಇನ್ನೊಂದ್ ಸಲ 'ನೀವೇನಂತೀರಾ' ಅಂತ ಕೇಳ್ಬೇಡಿ!"