ಭಾವನವರ ಗಂಗಾಯಾತ್ರೆಯೂ ನಮ್ಮ ಗಾಡಿಯ ಸೆಲ್ಫೂ

ಹಳೆಯ ಕಾರು ಇಟ್ಟುಕೊಂಡ ಗೃಹಸ್ಥನ ಮನೆಯಲ್ಲಿ ನಗೆಪಾಟಲಿನ ಸಂಗತಿಗಳು ಹೊತ್ತುಗೊತ್ತು ನೋಡಿ ಬರುವುದಿಲ್ಲ. ‘ಇದು ದುಃಖದ ಮನೆ, ಇವತ್ತೊಂದು ದಿನ ಬೇಡ’ ಎಂದರೆ ಅವು ಕೇಳುವುದೂ ಇಲ್ಲ. ಹೋದ ಚಳಿಗಾಲದಲ್ಲಿ ನಡೆದದ್ದನ್ನು ನೆನೆದರೆ ಈಗಲೂ ಮೊದಲು ಕೈ ಮುಗಿಯುತ್ತೇನೆ, ಆಮೇಲೆ ನಗುತ್ತೇನೆ.

ನಮ್ಮ ಭಾವ ಊರಿನ ಶಾಲೆಯಲ್ಲಿ ಮೇಷ್ಟ್ರಾಗಿದ್ದವರು. ಮಕ್ಕಳಿರಲಿಲ್ಲ. ‘ನನ್ನನ್ನು ಗಂಗೆಗೆ ಬಿಡುವ ಕೆಲಸ ನಿನ್ನ ತಮ್ಮನೇ ಮಾಡಲಿ’ ಎಂದು ಅಕ್ಕನಿಗೆ ಹೇಳಿ ಹೋಗಿದ್ದರು. ಊರಿನ ಕರ್ಮಗಳೆಲ್ಲ ಮುಗಿದ ಮೇಲೆ ಅಕ್ಕ ಅವರ ಅಸ್ಥಿಯನ್ನು ತೆಗೆದುಕೊಂಡು ರೈಲಿನಲ್ಲಿ ದೆಹಲಿಗೆ, ಲೋಧಿ ಕಾಲೋನಿಯ ನಮ್ಮ ಕ್ವಾರ್ಟರ್ಸಿಗೆ ಬಂದಳು. ಗಢಮುಕ್ತೇಶ್ವರಕ್ಕೆ ಹೋಗಿ ಗಂಗೆಯಲ್ಲಿ ಬಿಡುವುದೆಂದು ನಿಶ್ಚಯವಾಗಿತ್ತು. ಅಲ್ಲಿಯ ತನಕ ಅಕ್ಕ ಅನ್ನ ಮುಟ್ಟುವುದಿಲ್ಲ ಎಂದಳು. ಹಾಲು, ಬಾಳೆಹಣ್ಣು, ಅಷ್ಟೇ.

ಬೇವಿನ ಮರದ ಅತಿಥಿ

ಅಸ್ಥಿಯನ್ನು ಮನೆಯೊಳಗೆ ತರುವಂತಿಲ್ಲ, ನೆಲಕ್ಕೆ ಇಡುವಂತೆಯೂ ಇಲ್ಲ. ನಮ್ಮಲ್ಲಿ ಮರಕ್ಕೆ ಕಟ್ಟುತ್ತಾರೆ. ಕ್ವಾರ್ಟರ್ಸಿನ ಹಿಂದೆ ಒಂದು ಬೇವಿನ ಮರವಿದೆ. ಕೆಂಪು ವಸ್ತ್ರ ಸುತ್ತಿದ ತಾಮ್ರದ ಚೊಂಬನ್ನು ಅದರ ಕೊಂಬೆಗೆ ಕಟ್ಟಿದೆ.

ನಮ್ಮ ಓಣಿಯಲ್ಲಿ ಕೋತಿಗಳ ಕಾಟ. ಕಟ್ಟಿದ್ದು, ಇಟ್ಟದ್ದು, ಒಣಹಾಕಿದ್ದು ಯಾವುದನ್ನೂ ಬಿಡುವುದಿಲ್ಲ. ಗೇಟಿನ ಗಾರ್ಡ್‌ನನ್ನು ಕರೆದು, “ಭಯ್ಯಾ, ಆ ಗಂಟಿನಲ್ಲಿ ನಮ್ಮ ಜೀಜಾಜಿ ಇದ್ದಾರೆ, ಕೋತಿ ಬಾರದ ಹಾಗೆ ನೋಡಿಕೊಳ್ಳಪ್ಪ” ಎಂದೆ. ಆತ ಟೋಪಿ ತೆಗೆದು ನಮಸ್ಕರಿಸಿ, ಕುರ್ಚಿಯನ್ನು ಮರದಡಿಗೆ ಎಳೆದುಕೊಂಡು, ಕೋಲು ಹಿಡಿದು ಕೂತ.

ಸಂಜೆ ಅಕ್ಕನ ಜೊತೆ ಹೋಗಿ ವಿಚಾರಿಸಿದೆ.

“ಸಬ್ ಠೀಕ್ ಹೈ ಸಾಬ್. ಕೋತಿಗಳು ಬಂದಿದ್ದವು, ಓಡಿಸಿದೆ. ಜೀಜಾಜಿ ಬಹುತ್ ಶಾಂತ್ ಆದ್ಮೀ ಹೈಂ. ಇಷ್ಟು ಹೊತ್ತು ಕೂತಿದ್ದೀನಿ, ಒಂದು ಮಾತಿಲ್ಲ.”

ಅಕ್ಕನಿಗೆ ಹಿಂದಿ ಬಾರದು. “ಏನಂತಾನೋ ಅವನು?” ಎಂದಳು. ಹೇಳಿದೆ.

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಅವನು ಒಂದು ಮಧ್ಯಾಹ್ನಕ್ಕೇ ದೂರು ಹೇಳ್ತಾನೆ. ನಾನು ಸಂಸಾರ ಪೂರ್ತಿ ಹಾಗೇ ಕೂತಿದ್ದೆ.”

ಟಕ್

ಮರುದಿನ ಬೆಳಿಗ್ಗೆ ಸ್ನಾನ, ಸಂಧ್ಯಾವಂದನೆ ಮುಗಿಸಿದೆ. ಅಕ್ಕ ಚೊಂಬನ್ನು ತೊಡೆಯ ಮೇಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂತಳು. ನಾನು ಗಣಪತಿಯನ್ನು ನೆನೆದು ಕೀಲಿ ತಿರುಗಿಸಿದೆ. ‘ಟಕ್’ ಎಂದಿತು. ಮತ್ತೆ ತಿರುಗಿಸಿದೆ. ಮತ್ತೆ ‘ಟಕ್’. ದೀಪ ಚೆನ್ನಾಗಿ ಉರಿಯುತ್ತಿತ್ತು, ಹಾರ್ನ್ ಗಟ್ಟಿಯಾಗಿ ಕೂಗುತ್ತಿತ್ತು. ಇಂಜಿನ್ ಮಾತ್ರ ತಿರುಗಲೊಲ್ಲದು.

ನನ್ನಾಕೆ ಬಾಗಿಲಿನಿಂದಲೇ, “ರೀ, ರಾಹುಕಾಲ ಇನ್ನೂ ಮುಗಿದಿಲ್ಲ ನೋಡಿ, ಅದಕ್ಕೇ” ಎಂದಳು.

ಕೆಳಗಿಳಿದು ಕಾದೆವು. ರಾಹುಕಾಲ ಕಳೆಯಿತು. ಕೀಲಿ ತಿರುಗಿಸಿದೆ. ಸತ್ಯ ಹೇಳಬೇಕೆಂದರೆ, ರಾಹುಕಾಲದಲ್ಲಿ ಬಂದ ಟಕ್ಕಿಗೂ ಶುಭಕಾಲದಲ್ಲಿ ಬಂದ ಟಕ್ಕಿಗೂ ಕಿಂಚಿತ್ತೂ ವ್ಯತ್ಯಾಸವಿರಲಿಲ್ಲ.

ಟ್ಯಾಕ್ಸಿ ಕರೆಸಿದೆ. ಡ್ರೈವರ್ ಒಳ್ಳೆಯವನೇ. ಅಸ್ಥಿ ಎಂದು ತಿಳಿದ ಮೇಲೂ ಬರುತ್ತೇನೆಂದ. “ಬಸ್ ಏಕ್ ಬಾತ್, ಅದನ್ನು ಡಿಕ್ಕಿಯಲ್ಲಿ ಇಡಿ” ಎಂದು ಸೇರಿಸಿದ.

ಇದಕ್ಕೆ ಅನುವಾದ ಬೇಕಾಗಲಿಲ್ಲ. ಅವನ ಕೈ ಡಿಕ್ಕಿಯ ಕಡೆ ಹೋದದ್ದನ್ನು ಅಕ್ಕ ನೋಡಿದಳು. “ಮದುವೆ ದಿಬ್ಬಣದಲ್ಲೇ ಅವರು ಮುಂದಿನ ಸೀಟು ಬೇಕು ಅಂತ ಹಟ ಹಿಡಿದಿದ್ರು ಕಣೋ. ಈಗ ಡಿಕ್ಕಿಗೆ ಹಾಕಿದ್ರೆ ಬಿಡ್ತಾರಾ?”

ಟ್ಯಾಕ್ಸಿ ಖಾಲಿ ಹೋಯಿತು.

ಧಕ್ಕಾ

ದೆಹಲಿಯಲ್ಲಿ ಗಾಡಿ ಕೆಟ್ಟು ನಿಂತರೆ ಯಾರನ್ನೂ ಕರೆಯಬೇಕಾಗಿಲ್ಲ. ಬಾನೆಟ್ ಎತ್ತಿದರೆ ಸಾಕು. ಮೇಲಿನ ಮನೆಯ ಅಧಿಕಾರಿಗಳು ಶಾಲು ಹೊದ್ದು ಇಳಿದು ಬಂದರು. ಉತ್ತರ ಪ್ರದೇಶದವರು, ಬಹಳ ಧರ್ಮಿಷ್ಠರು. “ಬ್ಯಾಟರಿ ಹೋಗಿದೆ ಜೀ, ಚಳಿಗಾಲದಲ್ಲಿ ಇದೇ ಕಥೆ” ಎಂದು ತಮ್ಮ ಕಾರಿನಿಂದ ತಂತಿ ಎಳೆದು ಕರೆಂಟು ಕೊಟ್ಟರು. ಮತ್ತದೇ ‘ಟಕ್’. ಹಾಗಿದ್ದರೆ ಬ್ಯಾಟರಿಯಲ್ಲ, ಸೆಲ್ಫು ಎಂದು ತೀರ್ಮಾನವಾಯಿತು. ಇಂಜಿನ್ನನ್ನು ಮೊದಲು ತಿರುಗಿಸಿ ಎಬ್ಬಿಸುವ ಮೋಟರನ್ನು ಇಲ್ಲಿ ಸೆಲ್ಫ್ ಎನ್ನುತ್ತಾರೆ. ಅದು ಕೆಟ್ಟಾಗ ತಳ್ಳಿಯೇ ಎಬ್ಬಿಸಬೇಕು. “ಚಲೋ, ಧಕ್ಕಾ!”

ಓಣಿಯ ಸರ್ಕಾರಿ ನೌಕರರೆಲ್ಲ ಹಿಂದೆ ಸೇರಿದರು. ಅಕ್ಕ ಚೊಂಬಿನೊಂದಿಗೆ ಮತ್ತೆ ಹಿಂದಿನ ಸೀಟಿಗೆ ಹತ್ತಿದಳು. ನಾನು ಎರಡನೇ ಗೇರಿಗೆ ಹಾಕಿ ಕ್ಲಚ್ ಒತ್ತಿ ಕೂತೆ. ಒಳಗಿರುವುದು ಅಸ್ಥಿ ಎಂದು ಮೇಲಿನ ಮನೆಯವರಿಗೆ ಆಗ ನೆನಪಾಯಿತು. ಬಾಯಿ ಮುಚ್ಚಿಕೊಂಡು ತಳ್ಳುವುದು ಧರ್ಮವಲ್ಲ ಎನ್ನಿಸಿರಬೇಕು. ಹೆಣ ಹೊರುವಾಗ ಈ ಕಡೆಯವರು ಕೂಗುವ ಹಾಗೆ “ರಾಮ್ ನಾಮ್ ಸತ್ಯ ಹೈ!” ಎಂದು ಗಟ್ಟಿಯಾಗಿ ಕೂಗಿದರು. ಉಳಿದವರೂ ದನಿಗೂಡಿಸಿದರು.

ದಾರಿಯಲ್ಲಿದ್ದವರೆಲ್ಲ ಬದಿಗೆ ಸರಿದು ನಿಂತರು. ತರಕಾರಿ ಗಾಡಿಯವನು ತಕ್ಕಡಿ ಕೆಳಗಿಟ್ಟು ಕೈಮುಗಿದು ತಲೆ ಬಾಗಿಸಿದ. ಅವನು ಕೈಮುಗಿದದ್ದು ಅಕ್ಕನ ತೊಡೆಯ ಮೇಲಿದ್ದ ಚೊಂಬಿಗಲ್ಲ, ಮುಂದಿನ ಸೀಟಿನಲ್ಲಿ ಬಿಗಿದುಕೊಂಡು ಕೂತಿದ್ದ ನನಗೆ. ಬದುಕಿದ್ದೇನೆಂದು ತೋರಿಸುವುದು ನನ್ನ ಕರ್ತವ್ಯವೆನ್ನಿಸಿ ಅವನ ಕಡೆ ತಿರುಗಿ ಪ್ರತಿನಮಸ್ಕಾರ ಮಾಡಿದೆ.

ಗಾಡಿ ಶುರುವಾದದ್ದು ಆಗಲೇ. ನನ್ನ ಗಾಡಿ ಮುಂದಕ್ಕೆ ಓಡಿತು, ಅವನು ತನ್ನ ಗಾಡಿ ಬಿಟ್ಟು ಹಿಂದಕ್ಕೆ ಓಡಿದ.

ಸರ್ದಾರ್‌ಜಿಯ ಧ್ಯಾನ

ಹತ್ತಿರದ ಮಾರ್ಕೆಟ್ಟಿನ ಮೆಕ್ಯಾನಿಕ್ ಒಬ್ಬ ಸರ್ದಾರ್‌ಜಿ. ಕೀಲಿ ತಿರುಗಿಸಿ ‘ಟಕ್’ ಕೇಳಿಸಿಕೊಂಡರು. ಒಂದು ಸಣ್ಣ ಬಲ್ಬು ಹಿಡಿದು, ಕೀಲಿಯಿಂದ ಬರುವ ತಂತಿಯಲ್ಲಿ ಕರೆಂಟು ಇದೆಯೆಂದು ನೋಡಿದರು. ಆಮೇಲೆ ಸೆಲ್ಫಿನ ಎರಡು ದಪ್ಪ ಬೋಲ್ಟುಗಳಿಗೆ ಸ್ಕ್ರೂಡ್ರೈವರ್ ಅಡ್ಡ ಇಟ್ಟರು. ಚಟಚಟ ಕಿಡಿ ಹಾರಿ ಮೋಟರು ಗಿರ್ರೆಂದು ತಿರುಗಿತು.

“ಮೋಟರ್ ಠೀಕ್. ಕೀಲಿಯ ಮಾತು ಮೋಟರಿಗೆ ಮುಟ್ಟಿಸುವವನು ಹೋಗಿದ್ದಾನೆ. ಸೋಲೆನಾಯ್ಡ್.”

ಅದು ಗಿಂಡಿಯಷ್ಟು ದಪ್ಪದ ಡಬ್ಬಿ, ಸೆಲ್ಫಿನ ಬೆನ್ನ ಮೇಲೆ ಕೂತಿರುತ್ತದೆ. ಬದಲಿಸಬೇಕಾದರೆ ಗಾಡಿಯನ್ನು ಜಾಕಿನಿಂದ ಎತ್ತಬೇಕು, ಒಳಗೆ ಯಾರೂ ಇರಕೂಡದು. ಅಕ್ಕ ಇಳಿದಳು. ಚೊಂಬನ್ನು ನೆಲಕ್ಕಿಡುವಂತಿಲ್ಲ ಎಂದಾಗ ಸರ್ದಾರ್‌ಜಿ ಮರುಮಾತಿಲ್ಲದೆ, ಇಂಜಿನ್ ಎತ್ತುವ ಚೈನಿನ ಕೊಕ್ಕೆಯನ್ನು ಒರೆಸಿ ಅದಕ್ಕೆ ನೇತುಹಾಕಿಕೊಟ್ಟರು.

ಹೊಸ ಸೋಲೆನಾಯ್ಡ್ ಬಂತು. ಹೊಸದನ್ನು ಪೂಜೆಯಿಲ್ಲದೆ ಗಾಡಿಗೆ ಸೇರಿಸುವುದು ನಮ್ಮ ಮನೆಯಲ್ಲಿ ಇಲ್ಲ. ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಹೂವಿಟ್ಟು, ಊದುಬತ್ತಿ ಬೆಳಗಿದೆ. ಸರ್ದಾರ್‌ಜಿ ಚಪ್ಪಲಿ ಬಿಟ್ಟು ಕಣ್ಣು ಮುಚ್ಚಿ ನಿಂತಿದ್ದರು. ನಂತರ ಭಕ್ತಿಯಿಂದಲೇ ಜೋಡಿಸಿ, “ಸೆಲ್ಫ್ ಲಗಾವೋ ಜೀ” ಎಂದರು.

ಕೀಲಿ ತಿರುಗಿಸಿದೆ. ಏನೂ ಇಲ್ಲ. ದೀಪವಿಲ್ಲ, ಹಾರ್ನಿಲ್ಲ. ಇದ್ದ ‘ಟಕ್’ ಕೂಡ ಹೋಗಿತ್ತು. ಎಲ್ಲರೂ ನನ್ನ ಊದುಬತ್ತಿಯನ್ನು ನೋಡಿದರು.

ಅಷ್ಟರಲ್ಲಿ ಸರ್ದಾರ್‌ಜಿ ಬಾನೆಟ್ಟಿನೊಳಗೆ ಇಣುಕಿ ಹಣೆ ಚಚ್ಚಿಕೊಂಡರು. ಕೆಲಸಕ್ಕೆ ಮೊದಲು ಬಿಚ್ಚಿದ್ದ ಬ್ಯಾಟರಿ ತಂತಿಯನ್ನು ಮತ್ತೆ ಹಾಕಿರಲಿಲ್ಲ. ಹಾಕಿದ ಕೂಡಲೇ ಗಾಡಿ ಒಂದೇ ಸಲಕ್ಕೆ ಎದ್ದಿತು.

“ಮಾಫ್ ಕರ್ನಾ. ನಿಮ್ಮ ಪೂಜೆಯಲ್ಲಿ ಧ್ಯಾನ ಹತ್ತಿಬಿಟ್ಟಿತ್ತು” ಎಂದರು.

ನಾನು ಉಪನಯನವಾದ ದಿನದಿಂದ ಪೂಜೆ ಮಾಡುತ್ತಿದ್ದೇನೆ. ಅಂಥ ಧ್ಯಾನ ನನಗೆ ಒಂದು ದಿನವೂ ಹತ್ತಿಲ್ಲ.

ನಡುನೀರಿನಲ್ಲಿ

ಗಾಡಿ ದಾರಿಯಲ್ಲೆಲ್ಲೂ ಕೈಕೊಡಲಿಲ್ಲ. ಬಿಸಿಲು ಇಳಿಯುವ ಮೊದಲೇ ಗಢದ ಘಾಟಿನಲ್ಲಿದ್ದೆವು. ಪುರೋಹಿತರು ಸಂಕಲ್ಪ ಮಾಡಿಸಿ, “ದೋಣಿಯಲ್ಲಿ ಹೋಗಿ ದೊಡ್ಡ ಧಾರೆಯಲ್ಲಿ ಬಿಡಿ” ಎಂದು ಕಳಿಸಿದರು. ಅಕ್ಕ, ನಾನು, ದೋಣಿಯವನು, ಮೂರೇ ಜನ. ಅಕ್ಕ ಚೊಂಬಿನ ಮೇಲೆ ಎರಡೂ ಕೈ ಇಟ್ಟು ಕೂತಿದ್ದಳು. ನಾನು ಅವಳ ಮುಖ ನೋಡಲಾರದೆ ನೀರು ನೋಡುತ್ತಿದ್ದೆ.

ನಡುಹೊಳೆಗೆ ಬಂದಾಗ ದೋಣಿಯ ಮೋಟರು ಎರಡು ಸಲ ಕೆಮ್ಮಿ ನಿಂತುಹೋಯಿತು.

ದೋಣಿಯವನು ಹಗ್ಗ ಎಳೆದ. ಏಳಲಿಲ್ಲ. ಅಕ್ಕ ನಿಧಾನವಾಗಿ ನನ್ನ ಕಡೆ ತಿರುಗಿದಳು. ಇದರಲ್ಲಿ ನನ್ನ ಕೈವಾಡವಿಲ್ಲ ಎಂದು ತಲೆಯಾಡಿಸಿದೆ.

“ಮಾತಾಜಿ, ದೊಡ್ಡ ಧಾರೆ ಇನ್ನೂ ಮುಂದಿದೆ, ಸ್ವಲ್ಪ ತಡೀರಿ” ಎಂದು ಆತ ಮತ್ತೆ ಎಳೆದ, ಮತ್ತೆ ಎಳೆದ.

“ಬೇಡ ಅನ್ನು ಅವನಿಗೆ” ಎಂದಳು ಅಕ್ಕ. “ಶಾಲೆಗೆ ಹೋಗೋ ಬಸ್ಸು ಕೆಟ್ಟರೆ ನಿನ್ನ ಭಾವ ಒಂದು ನಿಮಿಷ ಕಾಯ್ತಿರಲಿಲ್ಲ. ಚೀಲ ಹೆಗಲಿಗೆ ಹಾಕ್ಕೊಂಡು ಇಳಿದು ನಡೆದುಬಿಡೋರು. ಅವರನ್ನ ಇಲ್ಲೇ ಇಳಿಸೋ.”

ನಾನು ಗಂಟು ಬಿಚ್ಚಿದೆ. ಇಬ್ಬರೂ ಚೊಂಬನ್ನು ಹಿಡಿದು ಬಗ್ಗಿಸಿದೆವು. ಅಕ್ಕ ಹೂವು ಬಿಟ್ಟು, ಬೊಗಸೆಯಲ್ಲಿ ನೀರೆತ್ತಿ ಬಿಟ್ಟಳು. “ಹೋಗಿ ಬನ್ನಿ” ಎಂದಳು. ಅಷ್ಟು ದಿನ ಗಟ್ಟಿಯಾಗಿದ್ದವಳು ಅಲ್ಲಿ ಬಿಕ್ಕಿಬಿಕ್ಕಿ ಅತ್ತಳು. ನಾನೂ ಅತ್ತೆ. ದೋಣಿಯವನು ಹಗ್ಗ ಬಿಟ್ಟು ಕೈಮುಗಿದು ಕೂತಿದ್ದ.

ಬಹಳ ಹೊತ್ತಿನ ಮೇಲೆ ಆತ ಸುಮ್ಮನೆ ಒಮ್ಮೆ ಹಗ್ಗ ಎಳೆದ. ಮೋಟರು ಭರ್ರೆಂದು ಶುರುವಾಗಿ, ದೋಣಿ ಹೂವುಗಳನ್ನು ದಾಟಿಕೊಂಡು ಮುಂದಕ್ಕೆ ನುಗ್ಗಿತು. ಆತ ಗಾಬರಿಯಿಂದ, “ಯೇ ಕ್ಯಾ ಚಮತ್ಕಾರ್ ಹೈ!” ಎಂದ.

ಅಕ್ಕ ಹಿಂದೆ ತೇಲುತ್ತಿದ್ದ ಹೂವುಗಳನ್ನೇ ನೋಡುತ್ತ, ಅಳುತ್ತಿದ್ದವಳು ಹಾಗೆಯೇ ನಕ್ಕಳು.

“ಚಮತ್ಕಾರ ಎಲ್ಲಿಂದ ಬಂತೋ. ಆ ಬಸ್ಸೂ ಹೀಗೇ ಮಾಡ್ತಿತ್ತು. ಅವರು ಇಳಿದು ನಾಲ್ಕು ಹೆಜ್ಜೆ ನಡೀಲಿ ಅಂತಲೇ ಕಾದಿದ್ದು, ಅವರ ಪಕ್ಕದಲ್ಲೇ ಹಾರ್ನ್ ಹೊಡ್ಕೊಂಡು ಹೋಗೋದು.”