ಮೊಲದ ಹೊಟ್ಟೆಯ ಅಳತೆ

ಟೈಲರ್: ಕೋಟಿನ ಗುಂಡಿ ಕಾಜಾದ ಹತ್ರಾನೂ ಸುಳೀತಾ ಇಲ್ಲ. ಏನು ತುಂಬಿದ್ದೀಯ ಇವನ ಹೊಟ್ಟೆಗೆ?

ಹೆಂಡತಿ: ಹತ್ತಿ. ಮೊಲದ ಹೊಟ್ಟೆಗೆ ಇನ್ನೇನು ತುಂಬ್ತಾರೆ?

ಟೈಲರ್: ನಾನು ಅಳತೆ ತಗೊಂಡ ಮೇಲೆ ಇನ್ನೊಂದಿಷ್ಟು ತುರುಕಿದ್ದೀಯ. ಒಪ್ಕೊಂಡ್ಬಿಡು.

ಹೆಂಡತಿ: ಒಂದು ಎಳೆ ತುರುಕಿಲ್ಲ. ನೀವು ಟೇಪು ಹಿಡ್ಕೊಂಡು ಬರೋಕೆ ಮುಂಚೇನೇ ಹೊಟ್ಟೆ ಮುಚ್ಚಿ ಗಂಟು ಹಾಕಿದ್ದೆ. ನೀವೇ ನೋಡಿದ್ರಿ.

ಟೈಲರ್: ಹಾಗಾದ್ರೆ ಉಲ್ಲನ್ ಹಿಗ್ಗಿದೆ.

ಹೆಂಡತಿ: ನನ್ನ ಕ್ರೋಶಾ ಹಿಗ್ಗಲ್ಲ ರೀ. ಒಂದೊಂದು ಸುತ್ತೂ ಬಿಗಿಯಾಗಿ ಹಾಕಿ ಹಾಕಿ ಬೆರಳು ಹೇಗೆ ಬಾತಿದೆ ನೋಡಿ. ನಿಮ್ಮ ಕೋಟೇ ಕುಗ್ಗಿರ್ಬೇಕು.

ಟೈಲರ್: ನನ್ನ ಕೋಟಾ? ಕುಗ್ಗೋದಾ? ಲೇ, ಯಾರ ಮುಂದೆ ಏನು ಮಾತಾಡ್ತಿದ್ದೀಯ?

ಹೆಂಡತಿ: ಮೊಲದ ಮುಂದೆ.

ಈ ಜಗಳದ ಮೂಲಪುರುಷ ಮಾತ್ರ ಅಂಗಡಿಯ ಪರದೆಯ ಹಿಂದೆ ಮೇಜಿನ ಮೇಲೆ ಕಾಲು ಚಾಚಿಕೊಂಡು ಆರಾಮವಾಗಿ ಕೂತಿದ್ದ. ಬೂದು ಉಲ್ಲನ್ನಿನ ಮೊಲ. ಟೈಲರನ ಹೆಂಡತಿ ಕ್ರೋಶಾ ಕಡ್ಡಿಯಲ್ಲಿ ಮೂಗಿನ ತುದಿಯಿಂದ ಬಾಲದವರೆಗೆ ಹೆಣೆದು, ಕಣ್ಣಿಗೆ ಕರಿ ಗುಂಡಿ ಹೊಲಿದು, ಕಿವಿಯ ಒಳಮೈಗೆ ಗುಲಾಬಿ ದಾರ ಹಾಕಿ ನಿಲ್ಲಿಸಿದ್ದಳು. ಕತ್ತಿಗೆ ಕೆಂಪು ಮಫ್ಲರು, ಕೆಳಗೆ ಹಸಿರು ಚಡ್ಡಿ, ಎರಡೂ ಅವಳ ಕೈಯವೇ, ಎರಡೂ ಅಳತೆಯಿಲ್ಲದೆ ಕಣ್ಣಂದಾಜಿನಲ್ಲೇ ಹೆಣೆದು ಸರಿಯಾಗಿ ಕೂತಿದ್ದವು. ಇದನ್ನು ಆಕೆ ಬೆಳಗಿನಿಂದ ಬಾಯಿಬಿಟ್ಟು ಹೇಳಿರಲಿಲ್ಲ. ಚಡ್ಡಿಯನ್ನು ಆಗಾಗ ಸವರುತ್ತಿದ್ದಳು, ಅಷ್ಟೇ. ಸಮಸ್ಯೆ ಇದ್ದದ್ದು ಗಂಡ ಹೊಲಿದ ನೀಲಿ ಕೋಟಿನಲ್ಲಿ.

ಕೋಟಿಗೆ ಅಪ್ಪಣೆ ಕೊಟ್ಟವರು ದೊಡ್ಡ ಮೇಷ್ಟ್ರು. ಶಾಲೆಗೆ ಅವರೇ ಯಜಮಾನರು, ಈ ಅಂಗಡಿಗೆ ಅವರೇ ಹಿರಿಯ ಗಿರಾಕಿ. ನಾಳೆ ಮೊಮ್ಮಗಳ ಹುಟ್ಟುಹಬ್ಬ. ಮೊಲ ಬೇಕು, ಅದು ತಾತನ ಥರಾನೇ ಕೋಟು ಹಾಕಿಕೊಂಡಿರಬೇಕು ಎಂದು ಮಗು ಹಟ ಹಿಡಿದಿದೆ. ಹೋದ ತಿಂಗಳು ಹೊಲಿಸಿದ ತಮ್ಮ ಕೋಟಿನ ಬಟ್ಟೆಯಲ್ಲಿ ಉಳಿದಿದ್ದ ತುಂಡಿನಲ್ಲೇ ಇದನ್ನೂ ಹೊಲಿಯಿರಿ ಎಂದು ಮೇಷ್ಟ್ರು ಹೇಳಿದ್ದರು. ಟೈಲರ್ ಸುಮ್ಮನೆ ಹೊಲಿದವನಲ್ಲ. ಒಳಗೆ ಲೈನಿಂಗು ಕೊಟ್ಟ, ಕಾಜಾ ಕೈಯಲ್ಲೇ ಹಾಕಿದ, ಎದೆಯ ಮೇಲೊಂದು ಜೇಬನ್ನೂ ಇಟ್ಟ. ಅಳತೆ ತೆಗೆಯುವಾಗ ಮೊಲಕ್ಕೆ 'ಸ್ವಲ್ಪ ಕೈ ಎತ್ತಿ' ಎಂದಿದ್ದನ್ನು ಹೆಂಡತಿ ಪರದೆಯ ಹಿಂದಿನಿಂದ ಕೇಳಿಸಿಕೊಂಡಿದ್ದಳು. ಈಗ ಸಂಜೆಯಾಗುತ್ತಿದೆ, ಮೇಷ್ಟ್ರು ಯಾವ ಗಳಿಗೆಯಲ್ಲಾದರೂ ಬರಬಹುದು, ಕೋಟು ನೋಡಿದರೆ ಹೊಟ್ಟೆಯ ಎರಡು ಮಗ್ಗುಲಿಗೂ ಬಾಗಿಲು ತೆರೆದಂತೆ ನಿಂತಿದೆ.

ಟೈಲರ್: ಅಳೆದದ್ದು ನಾನು, ಸರಿ. ಕತ್ತರಿಸಿದ್ದು ಯಾರು?

ಹೆಂಡತಿ: ನಾನು. ನೀವು ಕೂಗಿದಷ್ಟು ಕತ್ತರಿಸ್ದೆ.

ಟೈಲರ್: ಎಷ್ಟು ಕೂಗ್ದೆ?

ಹೆಂಡತಿ: ಹತ್ತು ಇಂಚು.

ಟೈಲರ್: ನೀನು ಎಷ್ಟು ಕತ್ತರಿಸ್ದೆ?

ಹೆಂಡತಿ: ಹತ್ತು ಇಂಚು.

ಟೈಲರ್: ಅದೇ ನೋಡು ತಪ್ಪು!

ಹೆಂಡತಿ: ಹತ್ತು ಅಂದಾಗ ಹತ್ತು ಕತ್ತರಿಸಿದ್ದು ತಪ್ಪಾ?

ಟೈಲರ್: ಮತ್ತಿನ್ನೇನು? ಇವನ ಹೊಟ್ಟೆ ಹನ್ನೆರಡು!

ಹೆಂಡತಿ ಟೇಪು ಎಳೆದುಕೊಂಡು ಮೊಲದ ಹೊಟ್ಟೆಗೆ ಸುತ್ತಿದಳು. ಹನ್ನೆರಡೇ. ಟೇಪನ್ನು ಮೇಜಿನ ಮೇಲಿಟ್ಟು ಗಂಡನ ಮುಖ ನೋಡಿದಳು. ಟೈಲರ್ ಕತ್ತರಿಯ ಕಡೆ ನೋಡಿದ, ಇಸ್ತ್ರಿಪೆಟ್ಟಿಗೆಯ ಕಡೆ ನೋಡಿದ, ನೋಡಲು ಇನ್ನೇನೂ ಸಿಗದೆ ಮೊಲದ ಕಡೆ ನೋಡಿದ.

ಹೆಂಡತಿ: ಹನ್ನೆರಡು ಅಂತ ಗೊತ್ತಿದ್ದೂ ಹತ್ತು ಅಂತ ಕೂಗಿದ್ರಾ?

ಟೈಲರ್: ಟೇಪು ಕೈಗೆ ಬಂದ್ರೆ ನಾಲಿಗೆ ತಾನಾಗೇ ಒಂದೆರಡು ಕಮ್ಮಿ ಹೇಳುತ್ತೆ ಕಣೇ. ಯಾವತ್ತೂ ನೀನು ಕಮ್ಮಿ ಆದದ್ದನ್ನ ಸೇರಿಸ್ಕೊಂಡೇ ಕತ್ತರಿಸ್ತಿದ್ದೆಯಲ್ಲ?

ಹೇಳಿಯಾದ ಮೇಲೆ ಟೈಲರ್ ನಾಲಿಗೆ ಕಚ್ಚಿಕೊಂಡ. ಇಷ್ಟು ವರ್ಷದ ಸಂಸಾರದಲ್ಲಿ ಈ ವಿಷಯ ಇಬ್ಬರ ಬಾಯಿಂದಲೂ ಒಮ್ಮೆಯೂ ಹೊರಬಿದ್ದಿರಲಿಲ್ಲ. ಮುಂದಿನ ಕೋಣೆಯಲ್ಲಿ ಕನ್ನಡಿಯ ಎದುರು ಗಿರಾಕಿಯನ್ನು ನಿಲ್ಲಿಸಿ ಅಳೆಯುವವನು ಅವನು. ಪರದೆಯ ಹಿಂದೆ ಕತ್ತರಿಸುವ ಮೇಜಿನ ಮುಂದೆ ನಿಂತು, ಅವನು ಕೂಗಿದಷ್ಟಕ್ಕೆ ಬಟ್ಟೆಯ ಮೇಲೆ ಗೆರೆ ಎಳೆಯುವವಳು ಅವಳು. ಜನ ಅಳತೆ ಕೊಡಲು ನಿಂತಾಗ ಹೊಟ್ಟೆಯನ್ನು ಒಳಗೆಳೆದು ಉಸಿರು ಕಟ್ಟಿಕೊಳ್ಳುತ್ತಾರೆ. ಅದನ್ನು ಕಂಡರೆ ಟೈಲರನಿಗೆ ಅಯ್ಯೋ ಪಾಪ ಅನಿಸುತ್ತಿತ್ತು. ಒಂದೆರಡು ಇಂಚು ಕಮ್ಮಿ ಕೂಗಿದರೆ ಆ ಮುಖಗಳು ಅರಳುವುದನ್ನು ನೋಡಬೇಕು! ಮೊದಮೊದಲು ಒಂದು ಕೋಟು ಬಿಗಿಯಾಗಿ ವಾಪಸ್ಸು ಬಂತು. ಆಮೇಲೆ ಯಾವುದೂ ಬರಲಿಲ್ಲ. ಯಾಕೆ ಬರಲಿಲ್ಲ ಎಂದು ಅವನು ಕೇಳಲಿಲ್ಲ, ಆಕೆಯೂ ಹೇಳಲಿಲ್ಲ. ಅಂಗಡಿ ಚೆನ್ನಾಗಿ ನಡೆಯಿತು.

ಹೆಂಡತಿ: ಅಂದ್ರೆ ನಾನು ಸೇರಿಸ್ತೀನಿ ಅಂತ ನಿಮಗೆ ಗೊತ್ತಿತ್ತು!

ಟೈಲರ್: ನನಗೆ ಗೊತ್ತಿತ್ತು. ನನಗೆ ಗೊತ್ತಿದೆ ಅಂತ ನಿನಗೆ ಗೊತ್ತಿಲ್ಲ ಅಂದ್ಕೊಂಡಿದ್ದೆ.

ಹೆಂಡತಿ: ಮತ್ತೆ ಬಂದವರ ಮುಂದೆಲ್ಲ 'ನನ್ನ ಅಳತೆ ಅಂದ್ರೆ ಅಳತೆ' ಅಂತ ಎದೆ ತಟ್ಕೋತೀರಲ್ಲ? ಯಾರ ಅಳತೆ ರೀ ಅದು?

ಟೈಲರ್: ಈಗ ಅದೆಲ್ಲ ಯಾಕೆ? ಮೊಲಕ್ಕೆ ಯಾಕೆ ಸೇರಿಸ್ಲಿಲ್ಲ, ಅದು ಹೇಳು.

ಹೆಂಡತಿ: ಮೊಲಕ್ಕೂ ಮುಖಸ್ತುತಿ ಮಾಡ್ತೀರಾ ಅಂತ ನಾನು ಕನಸು ಕಂಡಿದ್ನಾ? ಅದೂ ಅಲ್ದೆ ನೀವು ಮೆತ್ತಗೆ ಹೇಳಿದ್ರಿ.

ಟೈಲರ್: ಮೆತ್ತಗೆ ಹೇಳಿದ್ರೆ ಏನು?

ಹೆಂಡತಿ: ನಿಮ್ಮ ಸುಳ್ಳು ನನಗೆ ಗೊತ್ತಾಗೋದೇ ದನಿ ಮೇಲೆ. ವಕೀಲರಿಗೆ ಒಂದಿಂಚು ಕದೀತೀರಿ, ಸಾಧಾರಣ ದನಿ. ಔಷಧಿ ಅಂಗಡಿಯವರಿಗೆ ಎರಡು, ಸ್ವಲ್ಪ ಜೋರು. ದೊಡ್ಡ ಮೇಷ್ಟ್ರಿಗೆ ನಾಲ್ಕು! ಅವರ ಸೊಂಟ ಬೀದಿ ಕೊನೇವರೆಗೂ ಕೇಳ್ಸುತ್ತೆ. ಮೊಲಕ್ಕೆ ಪಿಸುಗುಟ್ಟಿದ್ರಿ, ನಿಜಾನೇ ಇರ್ಬೇಕು ಅಂದ್ಕೊಂಡೆ. ಯಾಕೆ ಮೆತ್ತಗೆ ಹೇಳಿದ್ರಿ?

ಟೈಲರ್: ಅಷ್ಟುದ್ದ ಕಿವಿ ಇರೋನ ಮುಂದೆ ಕೂಗೋಕಾಗುತ್ತಾ?

ಹೆಂಡತಿ ನಗಬಾರದು ಎಂದು ಸೆರಗಿಗಾಗಿ ತಡಕಾಡುವವಳಂತೆ ಮುಖ ತಿರುಗಿಸಿದಳು. ಟೈಲರನಿಗೆ ನಗುವಷ್ಟು ಪುರುಸೊತ್ತಿರಲಿಲ್ಲ. ನೀಲಿ ಬಟ್ಟೆಯಲ್ಲಿ ಬೆರಳಗಲದ ತುಂಡೂ ಉಳಿದಿರಲಿಲ್ಲ. ಇದ್ದದ್ದೆಲ್ಲ ಆ ಜೇಬಿಗೆ ಹೋಗಿತ್ತು.

ಹೆಂಡತಿ: ಕೋಟು ಅಗಲ ಮಾಡೋಕಾಗಲ್ಲ ಅಂದ್ರೆ ಹೊಟ್ಟೆ ಬಿಚ್ಚೋದೇ ಸರಿ.

ಟೈಲರ್: ಕೋಟಿಗೆ ತಕ್ಕ ಹಾಗೆ ಗಿರಾಕೀನ ಕತ್ತರಿಸೋ ಪದ್ಧತಿ ಈ ಅಂಗಡೀಲಿಲ್ಲ.

ಹೆಂಡತಿ: ಇದ್ದಿದ್ರೆ ಇಷ್ಟು ಸುಳ್ಳು ಬೇಕಿರ್ಲಿಲ್ಲ. ಕೆಳಗಡೆ ಗಂಟು ಬಿಚ್ಚಿ, ನಾಲ್ಕು ಸುತ್ತು ಬಿಟ್ಟು, ಕೈ ಹಾಕಿ ಎಳೆದ್ರೆ ಸಾಕು. ಒಂದೇ ಗಳಿಗೆ.

ಟೈಲರ್: ಮೇಷ್ಟ್ರು ಬಂದುಬಿಟ್ರೆ?

ಹೆಂಡತಿ: ಬಂದ್ರೆ ಇನ್ನೂ ಒಳ್ಳೇದು. ನೀವು ಎರಡು ಕಿವೀನೂ ಹಿಡ್ಕೊಳ್ಳಿ, ನಾನು ಹೊಟ್ಟೆ ನೋಡ್ಕೋತೀನಿ.

ಪರದೆಯ ಆ ಕಡೆ ಯಾರೋ ಕೆಮ್ಮಿದರು. ಪರದೆ ಸರಿಯಿತು. ದೊಡ್ಡ ಮೇಷ್ಟ್ರು ನೀಲಿ ಕೋಟಿನಲ್ಲಿ, ಕೊಡೆಯನ್ನು ಎರಡೂ ಕೈಯಲ್ಲಿ ಹೊಟ್ಟೆಗೆ ಅಡ್ಡ ಹಿಡಿದುಕೊಂಡು ನಿಂತಿದ್ದರು.

ಮೇಷ್ಟ್ರು: ನನ್ನ ಹೊಟ್ಟೆ ಇವತ್ತೇ ಬಿಚ್ತೀರಾ, ಇಲ್ಲಾ ನಾಳೆ ಬರ್ಲಾ?

ಟೈಲರ್: ಅಯ್ಯೋ ಸಾರ್! ನಿಮ್ಮ ವಿಷಯ ಅಲ್ಲ! ಮೊಲ, ಮೊಲದ ಹೊಟ್ಟೆ!

ಮೇಷ್ಟ್ರು: ಹೌದಾ. ಕಿವಿ ಹಿಡ್ಕೋಬೇಕು ಅಂದದ್ದು?

ಟೈಲರ್: ಮೊಲದ ಕಿವಿ ಸಾರ್.

ಮೇಷ್ಟ್ರು: ಸುಳ್ಳು ಹೇಳೋದು?

ಟೈಲರ್: ಅದೂ ಮೊಲಕ್ಕೇ ಸಾರ್. ಎಲ್ಲಾ ಮೊಲಕ್ಕೇ.

ಮೇಷ್ಟ್ರು: ಬೀದಿ ಕೊನೇವರೆಗೂ ಕೇಳ್ಸೋದು ಮೊಲದ ಸೊಂಟಾನಾ?

ಟೈಲರ್ ಪರದೆಯಾಚೆ ಮುಂದಿನ ಕೋಣೆಯ ಬೆಂಚಿನ ಕಡೆ ಕಣ್ಣು ಹಾಯಿಸಿದ. ಹಾಗಾದರೆ ಮೇಷ್ಟ್ರು ಬೆಂಚಿನ ಮೇಲೆ ಕೂತು ಬಹಳ ಹೊತ್ತಾಗಿದೆ. ಇವರು ಮುನಿಸಿಕೊಂಡು ಹೋದರೆ ಇವರ ಹಿಂದೆ ಇಡೀ ಶಾಲೆಯ ಮೇಷ್ಟ್ರುಗಳೂ ಹೋಗುತ್ತಾರೆ, ಅದು ಗೊತ್ತಿದ್ದದ್ದೇ. ಆದರೆ ಆ ಗಳಿಗೆಯಲ್ಲಿ ಅವನಿಗೆ ಅದಕ್ಕಿಂತ ಹೆಚ್ಚು ಸಂಕಟವಾದದ್ದು ಮೇಷ್ಟ್ರ ಮುಖ ನೋಡಿ. ಪ್ರತಿ ವರ್ಷ ಅಳತೆ ಕೇಳಿ ಅರಳುತ್ತಿದ್ದ ಮುಖ ಅದು. ತಾನೇ ಅರಳಿಸಿದ್ದು ಇಂದು ತನ್ನ ಕಣ್ಣೆದುರೇ ಬಾಡಿಹೋಯಿತಲ್ಲ. ಏನಾದರೂ ಹೇಳಿ ಮುಚ್ಚಿಹಾಕೋಣ ಎನ್ನುವಷ್ಟರಲ್ಲಿ ಹೆಂಡತಿ ಮುಂದೆ ಬಂದಳು.

ಹೆಂಡತಿ: ಇನ್ನು ಮುಚ್ಚಿಟ್ಟು ಏನು ಪ್ರಯೋಜನ ಸಾರ್. ಇವರು ಮೂವತ್ತಾರು ಅಂತ ಕೂಗ್ತಾರೆ, ನಾನು ನಲವತ್ತು ಕತ್ತರಿಸ್ತೀನಿ. ನಿಮ್ಮ ಸೊಂಟ ನಲವತ್ತು.

ಮೇಷ್ಟ್ರು ಕೊಡೆಯನ್ನು ಗೋಡೆಗೆ ಒರಗಿಸಿ ಮೆಲ್ಲಗೆ ಸ್ಟೂಲಿನ ಮೇಲೆ ಕೂತರು. ಕೂತಾಗ ಕೋಟಿನ ಗುಂಡಿಗಳು ಒಂದಿಷ್ಟೂ ಮುನಿಯಲಿಲ್ಲ.

ಮೇಷ್ಟ್ರು: ನಲವತ್ತು ಅಂತ ನನಗೆ ಗೊತ್ತಿಲ್ಲ ಅಂದ್ಕೊಂಡ್ರಾ ಅಮ್ಮಾ? ನಾನು ಲೆಕ್ಕದ ಮೇಷ್ಟ್ರು.

ಟೈಲರ್: ಸಾರ್?

ಮೇಷ್ಟ್ರು: ಮನೇಲಿ ಹೆಂಡತಿ ಹೇಳ್ತಾಳೆ. ಡಾಕ್ಟರು ಹೇಳ್ತಾರೆ. ಶಾಲೆ ಮೆಟ್ಟಿಲು ಹತ್ತುವಾಗ ಮೊಣಕಾಲು ಹೇಳುತ್ತೆ. ಊರಿಗೆ ಊರೇ ನಲವತ್ತು ಅನ್ನುತ್ತೆ. ಮೂವತ್ತಾರು ಅನ್ನೋ ಗಂಡಸು ಇವರೊಬ್ರೇ. ಕೋಟು ಯಾರು ಬೇಕಾದ್ರೂ ಹೊಲಿದು ಕೊಡ್ತಾರೆ. ನಾನು ಇಲ್ಲಿಗೆ ಬರ್ತಿದ್ದದ್ದು ಕೋಟಿಗಲ್ಲ.

ಟೈಲರ್: ಗೊತ್ತಿದ್ದೂ ಇಷ್ಟು ವರ್ಷ...

ಮೇಷ್ಟ್ರು: ಗೊತ್ತಿದ್ದೂನೇ. ಈಗ ಅಮ್ಮಾವ್ರು ಬಾಯಿಬಿಟ್ಟು ಹೇಳ್ಬಿಟ್ರು. ಇನ್ನು ನಾನು ಯಾವ ಅಂಗಡಿಗೆ ಹೋಗ್ಲಿ?

ಹೆಂಡತಿಯ ಮುಖ ಕೆಂಪಾಯಿತು. ಇಷ್ಟು ವರ್ಷ ತಾನು ಪರದೆಯ ಹಿಂದೆ ಸರಿಮಾಡುತ್ತಿದ್ದದ್ದು ಗಂಡನ ತಪ್ಪನ್ನು ಎಂದು ಆಕೆ ನಂಬಿದ್ದಳು. ಮೊಲವನ್ನು ಎತ್ತಿ ಮೇಷ್ಟ್ರ ಕೈಗೆ ಕೊಟ್ಟಳು. ಮೇಷ್ಟ್ರು ಅದನ್ನು ಮುಖದೆದುರು ಹಿಡಿದರು. ನೀಲಿ ಕೋಟು, ಹಿಂದಿನಿಂದ ನೋಡಿದರೆ ಅವರದ್ದೇ. ಮುಂದೆ ಬೂದು ಹೊಟ್ಟೆ ಯಾರ ಹಂಗೂ ಇಲ್ಲದೆ ಹೊರಗೆ ಬಂದಿತ್ತು.

ಮೇಷ್ಟ್ರು: ಕಿವಿ ಚೆನ್ನಾಗಿದೆ. ಮಫ್ಲರೂ ಚೆನ್ನಾಗಿದೆ. ಆದ್ರೆ ಮೊಮ್ಮಗಳು ತಾತನ ಥರಾ ಇರ್ಬೇಕು ಅಂದಿದ್ಲು.

ಹೆಂಡತಿ: ಹಾಗಾದ್ರೆ ಈಗಿರೋ ಹೊಟ್ಟೇನೇ...

ಟೈಲರ್: ನೀನು ಸುಮ್ನಿರು!

ಮೇಷ್ಟ್ರು: ಗುಂಡಿ ಹಾಕೋಕೆ ಬರ್ಬೇಕು. ನನ್ನ ಗುಂಡಿ ಬರುತ್ತಲ್ಲ?

ಹೆಂಡತಿ ಕ್ರೋಶಾ ಕಡ್ಡಿ ತೆಗೆದುಕೊಂಡಳು. ಗಂಟು ಬಿಚ್ಚಿದಳು, ಬಾಲದ ಕೆಳಗಿನ ಸುತ್ತುಗಳನ್ನು ಬಿಟ್ಟಳು, ಒಳಗಿಂದ ಮುಷ್ಟಿ ತುಂಬ ಹತ್ತಿ ಎಳೆದಳು. ಟೈಲರ್ ನಿಜವಾಗಿಯೂ ಎರಡು ಕಿವಿಗಳನ್ನೂ ಹಿಡಿದುಕೊಂಡು ಬೇರೆ ಕಡೆ ನೋಡುತ್ತಿದ್ದ. ಮೇಷ್ಟ್ರು ರೆಪ್ಪೆ ಬಡಿಯದೆ ಎಲ್ಲವನ್ನೂ ನೋಡಿದರು. ಆಕೆ ಸುತ್ತುಗಳನ್ನು ಮತ್ತೆ ಹೆಣೆದು ಮುಚ್ಚಿ, ಕೋಟಿನ ಗುಂಡಿಗಳನ್ನು ಒಂದೊಂದಾಗಿ ಹಾಕಿದಳು.

ಟೈಲರ್: ಈ ಅಂಗಡೀಲಿ ಹೊಟ್ಟೆ ಕರಗಿಸ್ಕೊಂಡ ಮೊದಲ ಗಿರಾಕಿ ಸಾರ್.

ಮೇಷ್ಟ್ರು: ಪುಣ್ಯವಂತ. ಎಷ್ಟು ಸುಲಭ!

ಅವರು ಮೊಲವನ್ನು ಮೇಜಿನ ಮೇಲೆ ಕೂರಿಸಿ, ಎದ್ದು, ಮುಂದಿನ ಕೋಣೆಗೆ ಹೋಗಿ ಕನ್ನಡಿಯ ಎದುರು ನಿಂತರು. ಕೋಟು ಬಿಚ್ಚಿ ಮೊಳೆಗೆ ಹಾಕಿದರು. ಉಸಿರು ಒಳಗೆ ಎಳೆದುಕೊಂಡರು.

ಮೇಷ್ಟ್ರು: ಈ ಕೋಟಿಗೆ ಒಂದು ಪ್ಯಾಂಟು ಬೇಕು. ಅಳತೆ ತಗೊಳ್ಳಿ. ಅಮ್ಮಾವ್ರು ಹೇಳಿದ್ದನ್ನ ನಾನು ಕೇಳಿಸ್ಕೊಂಡಿಲ್ಲ.

ಟೈಲರನಿಗೆ ಹೋದ ಜೀವ ಬಂದಂತಾಯಿತು. ಅವಸರದಲ್ಲಿ ಟೇಪು ಸುತ್ತಿದ, ಕನ್ನಡಕ ಸರಿಮಾಡಿಕೊಂಡ, ಬಾಯಿ ತೆರೆದ. ಇಷ್ಟು ದಿನ ಸರಾಗವಾಗಿ ಹರಿದಾಡುತ್ತಿದ್ದ ನಾಲಿಗೆ, ಎಲ್ಲರಿಗೂ ಎಲ್ಲವೂ ಗೊತ್ತಾದ ಮೇಲೆ ಹಟ ಹಿಡಿದು ಕೂತಿತು. ಮೇಷ್ಟ್ರು ಕಟ್ಟಿಕೊಂಡ ಉಸಿರಿನಲ್ಲೇ ಕನ್ನಡಿಯಲ್ಲಿ ಅವನನ್ನು ನೋಡುತ್ತಿದ್ದರು, ಅವರ ಮುಖ ಕೆಂಪಗಾಗುತ್ತಿತ್ತು.

ಟೈಲರ್: ನಲ...

ಆಗ ಪರದೆಯ ಹಿಂದಿನಿಂದ, ಕತ್ತರಿಸುವ ಮೇಜಿನ ಕಡೆಯಿಂದ, ಇದುವರೆಗೆ ಅಳತೆಯನ್ನು ಕೇಳಿಸಿಕೊಂಡು ಮಾತ್ರ ಗೊತ್ತಿದ್ದ ಹೆಂಗಸು ಗಟ್ಟಿಯಾಗಿ ಕೂಗಿದಳು.

ಹೆಂಡತಿ: ಮೂವತ್ತಾರು!

ಮೇಷ್ಟ್ರು ಉಸಿರು ಬಿಟ್ಟರು. ಮುಖ ಅರಳಿತು.

ಮೇಷ್ಟ್ರು: ಅಮ್ಮಾ, ಟೇಪು ಇಲ್ಲಿದೆ. ನೀವು ಅಳೀಲೇ ಇಲ್ವಲ್ಲ?

ಹೆಂಡತಿ: ಅಳೆದ್ರೆ ಅಷ್ಟು ಬರೋದಿಲ್ಲ ಸಾರ್.